ಹಳೆಯ ಗಾಡಿಗಳ ದಂಡನಾಯಕ: ಜೋಜಿಲಾ ಏರಿದ ಜನರಲ್ ತಿಮ್ಮಯ್ಯ

ಸಕಲೇಶಪುರ ತಾಲ್ಲೂಕಿನ ಮಾರನಹಳ್ಳಿಯ ಹೆಸರು ರಾಜ್ಯದ ಓದುಗರ ಕಿವಿಗೆ ಬೀಳುವುದು ಹೆಚ್ಚಾಗಿ ಮಳೆಗಾಲದಲ್ಲಿ. ಗುಡ್ಡ ಕುಸಿಯಿತು, ಶಿರಾಡಿ ಘಾಟಿಯಲ್ಲಿ ಸಂಚಾರ ನಿಂತಿತು, ಬೆಂಗಳೂರು ಮಂಗಳೂರು ನಡುವೆ ಓಡುವ ಲಾರಿಗಳು ಸಾಲುಗಟ್ಟಿದವು ಎಂಬ ವರದಿಗಳಲ್ಲಿ ದೋಣಿಗಾಲ್, ಹೆಗ್ಗದ್ದೆಗಳ ಜತೆಗೆ ಮಾರನಹಳ್ಳಿಯೂ ತಪ್ಪದೆ ಕಾಣಿಸಿಕೊಳ್ಳುತ್ತದೆ. ಹೆದ್ದಾರಿಯ ಸ್ಥಿತಿಯೇ ಹೀಗಿರುವಾಗ, ಅದರಿಂದ ಕವಲೊಡೆದು ಕಾಫಿ, ಏಲಕ್ಕಿ ತೋಟಗಳತ್ತ ಏರುವ ಮಣ್ಣಿನ ದಾರಿಗಳ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್ ತಿಂಗಳಿನಿಂದ ಮೂರು ನಾಲ್ಕು ತಿಂಗಳು ಆ ದಾರಿಗಳಲ್ಲಿ ನಗರದ ಕಾರುಗಳಿಗೆ ಪ್ರವೇಶವಿಲ್ಲ. ಅಲ್ಲಿ ನಡೆಯುವುದು ಜೀಪು ಮಾತ್ರ. ಕೆಲವೊಮ್ಮೆ ಅದೂ ಚಕ್ರಗಳಿಗೆ ಸರಪಳಿ ಸುತ್ತಿಕೊಂಡು.

ಸಕಲೇಶಪುರ, ಆಲೂರು, ಮೂಡಿಗೆರೆ, ಸೋಮವಾರಪೇಟೆ ಸೀಮೆಯ ತೋಟಗಳಲ್ಲಿ ಮಿಲಿಟರಿ ಜೀಪು ಎಂಬ ಮಾತಿಗೆ ಒಂದು ವಿಶೇಷ ಗೌರವವಿದೆ. ಸೇನೆಯು ತನಗೆ ಬೇಡವಾದ ವಾಹನಗಳನ್ನು ಹರಾಜು ಹಾಕುತ್ತದೆ. ಹಾಗೆ ಬಂದ ಗಾಡಿಯನ್ನು ಕೊಂಡವರು ಮೊದಲು ಅದರ ನಾಲ್ಕು ಚಕ್ರದ ಗೇರು ಕೆಲಸ ಮಾಡುತ್ತದೆಯೇ ಎಂದು ನೋಡುತ್ತಾರೆ. ಪೆಟ್ರೋಲ್ ಕುಡಿಯುವ ಹಳೆಯ ಎಂಜಿನ್ನನ್ನು ಇಳಿಸಿ ಡೀಸೆಲ್ ಎಂಜಿನ್ ಕೂರಿಸುತ್ತಾರೆ, ಮುಂಭಾಗಕ್ಕೆ ಕಬ್ಬಿಣದ ಗಾರ್ಡು ಹಾಗೂ ಕೆಸರಿನಿಂದ ಎಳೆದುಕೊಳ್ಳಲು ವಿಂಚ್ ಹಾಕಿಸುತ್ತಾರೆ, ಕಚ್ಚು ಆಳವಾಗಿರುವ ಟೈರುಗಳನ್ನು ತೊಡಿಸುತ್ತಾರೆ. ಸೇನೆಯ ವಾಹನದ ನಂಬರ್ ಫಲಕದಲ್ಲಿ ಮೇಲ್ಮುಖವಾದ ಒಂದು ಬಾಣದ ಗುರುತಿರುತ್ತದೆ. ಸಾರಿಗೆ ಕಚೇರಿಯಲ್ಲಿ ಕಾಗದಪತ್ರ ಪರಿಶೀಲನೆಯಾಗಿ ನಾಗರಿಕ ನೋಂದಣಿ ದೊರೆತ ದಿನ ಆ ಬಾಣ ಅಳಿಸಿಹೋಗಿ ಗಾಡಿ ಸಾಮಾನ್ಯ ಪ್ರಜೆಯಾಗುತ್ತದೆ. ಕಾಗದವಿಲ್ಲದ ಮಿಲಿಟರಿ ಜೀಪು ಎಷ್ಟೇ ಗಟ್ಟಿಯಾಗಿದ್ದರೂ ತೋಟದ ಗೇಟು ದಾಟುವಂತಿಲ್ಲ.

ಈ ಹಳೆಯ ಗಾಡಿಗಳ ವಂಶಾವಳಿ ಎರಡನೆಯ ಮಹಾಯುದ್ಧಕ್ಕೆ ಹೋಗುತ್ತದೆ. 1941ರಿಂದ 1945ರ ನಡುವೆ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಬರ್ಮಾ ರಣರಂಗಕ್ಕೆ ಬಂದ ಸಾಮಗ್ರಿಯಲ್ಲಿ ಜೀಪು, ಲಾರಿ, ಟ್ಯಾಂಕುಗಳ ದೊಡ್ಡ ಪಾಲು ಯುದ್ಧ ಮುಗಿದ ಮೇಲೆ ಭಾರತದಲ್ಲೇ ಉಳಿಯಿತು. ಸ್ವತಂತ್ರ ಭಾರತದ ಸೇನೆ ತನ್ನ ಮೊದಲ ಯುದ್ಧವನ್ನು ಹೂಡಿದ್ದು ಈ ಉಳಿಕೆಯ ಗಾಡಿಗಳನ್ನು ನಂಬಿ. ಆ ಗಾಡಿಗಳಿಂದ ಎಂಥ ಕೆಲಸ ತೆಗೆಯಬಹುದು ಎಂಬುದನ್ನು ಜಗತ್ತಿಗೆ ತೋರಿಸಿದವರು, ಸಕಲೇಶಪುರದ ನೆರೆಯ ಕಾಫಿ ನಾಡಾದ ಕೊಡಗಿನಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. ಅಂಥ ಗಾಡಿಗಳನ್ನೇ ಸದಾಕಾಲ ನೆಚ್ಚಿ ಕೂರುವಂತಿಲ್ಲ ಎಂಬುದನ್ನು ದೆಹಲಿಗೆ ಮನಗಾಣಿಸಲು ಹೆಣಗಿ ಸೋತವರೂ ಅವರೇ.

ತಿಮ್ಮಯ್ಯನವರು ಜನಿಸಿದ್ದು 1906ರ ಮಾರ್ಚ್ ತಿಂಗಳಲ್ಲಿ, ಮಡಿಕೇರಿಯಲ್ಲಿ. ಮನೆತನ ಕಾಫಿ ಬೆಳೆಗಾರರದು. ಕೂನೂರಿನಲ್ಲಿ ಐರಿಷ್ ಪಾದ್ರಿಗಳು ನಡೆಸುತ್ತಿದ್ದ ಶಾಲೆಯಲ್ಲಿ, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ವ್ಯಾಸಂಗ. ಡೆಹರಾಡೂನಿನ ಸೈನಿಕ ಕಾಲೇಜು ಆಗ ಹೊಸದು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಆಯ್ಕೆಯಾದ ಕೆಲವೇ ಭಾರತೀಯ ತರುಣರಲ್ಲಿ ಅವರೊಬ್ಬರು. 1926ರ ಫೆಬ್ರವರಿಯಲ್ಲಿ ಅಧಿಕಾರಿಯಾಗಿ ಹೊರಬಂದರು. ಒಂದು ವರ್ಷ ಬೆಂಗಳೂರಿನಲ್ಲಿದ್ದ ಸ್ಕಾಟಿಷ್ ಪಲ್ಟನ್ನಿನಲ್ಲಿ ಕಲಿತು, ಮುಂದೆ 19ನೆಯ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಪಲ್ಟನ್ನಿಗೆ ಸೇರಿಕೊಂಡರು. ಈಗ ಕುಮಾವೂಂ ರೆಜಿಮೆಂಟ್ ಎನಿಸಿಕೊಂಡಿರುವುದು ಅದೇ. ಬಿಳಿಯ ಅಧಿಕಾರಿಗಳು ಭಾರತೀಯ ಸಹೋದ್ಯೋಗಿಯನ್ನು ತಮ್ಮ ಕ್ಲಬ್ಬುಗಳ ಬಾಗಿಲಲ್ಲೇ ನಿಲ್ಲಿಸುತ್ತಿದ್ದ ಕಾಲವದು. ಅದನ್ನು ತಿಮ್ಮಯ್ಯನವರು ನುಂಗಿಕೊಂಡರೇ ಹೊರತು ಮರೆಯಲಿಲ್ಲ.

1935ರಲ್ಲಿ ಕೊಡಗಿನವರೇ ಆದ ನೀನಾ ಅವರೊಂದಿಗೆ ವಿವಾಹವಾಯಿತು. ಅದೇ ವರ್ಷ ಮೇ 31ರ ನಸುಕಿನಲ್ಲಿ ಕ್ವೆಟ್ಟಾ ನಗರ ಭೂಕಂಪದಿಂದ ನೆಲಸಮವಾದಾಗ ನವದಂಪತಿ ಅಲ್ಲೇ ಇದ್ದರು. ಗಾಯಾಳುಗಳ ಶುಶ್ರೂಷೆಗಾಗಿ ನೀನಾ ಅವರಿಗೆ ಕೈಸರ್ ಎ ಹಿಂದ್ ಪದಕ ದೊರೆಯಿತು.

ಎರಡನೆಯ ಮಹಾಯುದ್ಧ ತಿಮ್ಮಯ್ಯನವರ ಬಾಳನ್ನು ಒಂದು ವಿಚಿತ್ರ ಸಂದಿಗ್ಧಕ್ಕೆ ದೂಡಿತು. ಅವರ ಪಲ್ಟನ್ ಸಿಂಗಪುರಕ್ಕೆ ಹೋಗಿ, 1942ರಲ್ಲಿ ಆ ನಗರ ಪತನವಾದಾಗ ಜಪಾನೀಯರ ಸೆರೆಯಾಯಿತು. ಅದಕ್ಕೂ ಮೊದಲೇ ಭಾರತಕ್ಕೆ ವರ್ಗವಾಗಿದ್ದ ತಿಮ್ಮಯ್ಯನವರು ಪಾರಾದರು. ಅವರ ಸಹೋದರ ಪೊನ್ನಪ್ಪನವರು ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿಗೆ ಸೇರಿದರು. ಒಂದೇ ಮನೆಯ ಇಬ್ಬರು ಬರ್ಮಾ ರಣರಂಗದ ಎರಡು ಬದಿಗಳಿಗೆ ಸೇರಿಹೋದ ಪ್ರಸಂಗವಿದು. ಅರಾಕಾನ್ ಕರಾವಳಿಯ ಕಾಡು, ಕೆಸರು, ಹಳ್ಳಕೊಳ್ಳಗಳ ನಡುವೆ 8/19 ಹೈದರಾಬಾದ್ ಪಲ್ಟನ್ನನ್ನು ನಡೆಸಿದ ತಿಮ್ಮಯ್ಯನವರಿಗೆ ಡಿ.ಎಸ್.ಓ. ಗೌರವ ಸಂದಿತು. ಮುಂದೆ 36ನೆಯ ಬ್ರಿಗೇಡಿನ ಅಧಿಪತ್ಯ. ಆ ಯುದ್ಧದಲ್ಲಿ ಕಾಲ್ದಳದ ಬ್ರಿಗೇಡೊಂದನ್ನು ರಣಾಂಗಣದಲ್ಲಿ ನಡೆಸಿದ ಏಕೈಕ ಭಾರತೀಯ ಅವರು. ಮಳೆಗಾಲದ ಅರಾಕಾನ್ ನಮ್ಮ ಮಲೆನಾಡಿನಿಂದ ತೀರ ಭಿನ್ನವಲ್ಲ. ಮಳೆ ಹಿಡಿದರೆ ಲಾರಿ ಹೂತುಹೋಗುವ, ಜೀಪು ತಿಣುಕಾಡುವ, ಹೇಸರಗತ್ತೆಯೇ ಗತಿಯಾಗುವ ನೆಲ. ದಾರಿ ಇಲ್ಲದಲ್ಲಿ ಸೈನ್ಯವಿಲ್ಲ ಎಂಬ ಪಾಠವನ್ನು ಅವರು ಪುಸ್ತಕಕ್ಕಿಂತ ಹೆಚ್ಚಾಗಿ ಅಲ್ಲಿ ಕಲಿತಿರಬೇಕು.

ಯುದ್ಧಾನಂತರ ಜಪಾನಿನಲ್ಲಿ ಭಾರತೀಯ ಬ್ರಿಗೇಡಿನ ಮುಖಂಡತ್ವ, ದೇಶ ವಿಭಜನೆಯ ವೇಳೆ ಪಂಜಾಬಿನ ರಕ್ತಪಾತದ ನಡುವೆ ನಿರಾಶ್ರಿತರ ರಕ್ಷಣೆ. ಇವೆರಡೂ ಪ್ರತ್ಯೇಕ ಲೇಖನಗಳನ್ನು ಬೇಡುವ ಅಧ್ಯಾಯಗಳು. ಅವರ ಹೆಸರನ್ನು ಇತಿಹಾಸದಲ್ಲಿ ಉಳಿಸಿದ್ದು ಮಾತ್ರ 1948ರ ಕಾಶ್ಮೀರ.

ಆ ವರ್ಷದ ಮೇ ತಿಂಗಳಲ್ಲಿ ಮೇಜರ್ ಜನರಲ್ ತಿಮ್ಮಯ್ಯನವರು ಕಾಶ್ಮೀರ ಕಣಿವೆಯ ಸೇನಾ ವಿಭಾಗದ ಹೊಣೆ ಹೊತ್ತರು. ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿದ್ದವರು ಇನ್ನೊಬ್ಬ ಕೊಡಂದೇರ, ಲೆಫ್ಟಿನೆಂಟ್ ಜನರಲ್ ಕೆ.ಎಂ. ಕಾರ್ಯಪ್ಪನವರು. ಪುಟ್ಟ ಕೊಡಗಿನ ಇಬ್ಬರು ಹಿಮಾಲಯದ ಯುದ್ಧವೊಂದರ ಸೂತ್ರ ಹಿಡಿದಿದ್ದರು ಎಂಬುದು ಈಗ ನೆನೆದರೂ ಸೋಜಿಗ ಹುಟ್ಟಿಸುವ ಸಂಗತಿ. ಅಷ್ಟರಲ್ಲಿ ಲಡಾಖಿನ ರಾಜಧಾನಿ ಲೇಹ್ ಅಪಾಯಕ್ಕೆ ಸಿಲುಕಿತ್ತು. ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ಅವರು ಹಾರಿಸಿದ ಡಕೋಟಾ ವಿಮಾನದಲ್ಲಿ ಕುಳಿತು ತಿಮ್ಮಯ್ಯನವರು ಲೇಹ್ ತಲುಪಿದರು. ಹತ್ತು ಸಾವಿರ ಅಡಿಗೂ ಎತ್ತರದಲ್ಲಿ, ಸಿಂಧೂ ನದಿಯ ಬಳಿ ಆತುರಾತುರವಾಗಿ ಹದಗೊಳಿಸಿದ ಮಣ್ಣಿನ ಪಟ್ಟಿಯ ಮೇಲೆ ಇಳಿದ ಮೊದಲ ವಿಮಾನವದು. ಲೇಹ್ ಉಳಿಯಿತು. ಆದರೆ ಎದುರಾಳಿಗಳು ದ್ರಾಸ್ ಹಾಗೂ ಕಾರ್ಗಿಲ್ ಹಿಡಿದುಕೊಂಡು, ಶ್ರೀನಗರದಿಂದ ಲಡಾಖಿಗೆ ಹೋಗುವ ಏಕೈಕ ನೆಲದ ಹಾದಿಯಾದ ಜೋಜಿಲಾವನ್ನು ಮುಚ್ಚಿಬಿಟ್ಟರು.

ಜೋಜಿಲಾ ಎಂದರೆ ಮಲೆನಾಡಿನ ಮಾತಿನಲ್ಲಿ ಒಂದು ಘಟ್ಟ. ಬಾಲ್ತಾಲ್ ಎಂಬಲ್ಲಿ ಕಾಶ್ಮೀರದ ಹಸಿರು ಮುಗಿಯುತ್ತದೆ. ಮೇಲೇರಿದರೆ ಸುಮಾರು 3,500 ಮೀಟರ್ ಎತ್ತರದಲ್ಲಿ ಲಡಾಖಿನ ಬೋಳು ಬೆಟ್ಟಗಳು ತೆರೆದುಕೊಳ್ಳುತ್ತವೆ. ಶಿರಾಡಿಯ ನೆತ್ತಿಯಲ್ಲಿರುವ ಸಕಲೇಶಪುರ ಸಮುದ್ರಮಟ್ಟದಿಂದ ಒಂದು ಸಾವಿರ ಮೀಟರಿಗಿಂತ ತುಸು ಕೆಳಗೇ ಇದೆ ಎಂದರೆ ಅಂತರ ಅರ್ಥವಾದೀತು. 1948ರಲ್ಲಿ ಅಲ್ಲಿದ್ದದ್ದು ಹೇಸರಗತ್ತೆಗಳು ನಡೆಯುವ ಕಾಲುಹಾದಿ. ಎರಡೂ ಬದಿಯ ಬಂಡೆಗಳ ಮರೆಯಲ್ಲಿ ಮೆಷಿನ್‌ಗನ್ ಹೂಡಿ ಕುಳಿತವರನ್ನು ಎಬ್ಬಿಸಲು 77ನೆಯ ಪ್ಯಾರಾ ಬ್ರಿಗೇಡಿನ ಕಾಲಾಳುಗಳು ಸೆಪ್ಟೆಂಬರಿನಲ್ಲಿ ನಡೆಸಿದ ಪ್ರಯತ್ನ ವಿಫಲವಾಯಿತು. ಹಿಮ ಬೀಳಲು ವಾರಗಳು ಮಾತ್ರ ಉಳಿದಿದ್ದವು. ಚಳಿಗಾಲ ಇಳಿದರೆ ಲೇಹ್ ಮತ್ತೆ ಆರು ತಿಂಗಳು ಒಂಟಿ.

ಆಗ ತಿಮ್ಮಯ್ಯನವರು ಟ್ಯಾಂಕುಗಳನ್ನು ಮೇಲೆ ಒಯ್ಯುವ ನಿರ್ಧಾರ ಕೈಗೊಂಡರು.

ಸೇನೆಯ ಪಠ್ಯಗಳಲ್ಲಿ ಇಂಥ ಯೋಚನೆಗೆ ಸ್ಥಳವಿರಲಿಲ್ಲ. ಅಷ್ಟು ಎತ್ತರದಲ್ಲಿ ಟ್ಯಾಂಕುಗಳು ಕಾದಾಡಿದ ಉದಾಹರಣೆಯೇ ಇರಲಿಲ್ಲ. ತೆಳುವಾದ ಗಾಳಿಯಲ್ಲಿ ಪೆಟ್ರೋಲ್ ಎಂಜಿನ್ ಬಲಗುಂದುತ್ತದೆ, ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ, ಜಾರುವ ಹಿಮದಲ್ಲಿ ಹದಿನೈದು ಟನ್ ತೂಕದ ಲೋಹಕ್ಕೆ ಹಿಡಿತ ಸಿಗುವುದಿಲ್ಲ. ಕೈಯಲ್ಲಿದ್ದ ಟ್ಯಾಂಕುಗಳಾದರೂ ಹೊಸವಲ್ಲ. ಏಳನೆಯ ಲೈಟ್ ಕ್ಯಾವಲ್ರಿ ದಳದ ಬಳಿ ಇದ್ದವು ಮಹಾಯುದ್ಧದ ಕಾಲದ ಅಮೆರಿಕನ್ ಸ್ಟೂವರ್ಟ್ ಟ್ಯಾಂಕುಗಳು. ಯುರೋಪಿನ ರಣರಂಗದಲ್ಲಿ ಯುದ್ಧ ಮುಗಿಯುವ ಮೊದಲೇ ಇವು ಹಗುರ, ಹಳತು ಎಂಬ ಹೆಸರು ಪಡೆದಿದ್ದವು. ಹಗುರ ಎಂಬ ಆ ದೋಷವೇ ಘಟ್ಟದ ಹಾದಿಯಲ್ಲಿ ಗುಣವಾಯಿತು. ಭಾರವಾದ ಟ್ಯಾಂಕು ಆ ಸೇತುವೆಗಳನ್ನು ದಾಟುವುದೇ ಸಾಧ್ಯವಿರಲಿಲ್ಲ.

ಮಿಲಿಟರಿ ಗಾಡಿಯನ್ನು ಕಠಿಣ ದಾರಿಗೆ ಅಣಿಗೊಳಿಸುವ ಕೆಲಸ ಬಲ್ಲವರಿಗೆ ಮುಂದಿನ ಕಥೆ ಹೆಚ್ಚು ರುಚಿಸೀತು. ಟ್ಯಾಂಕುಗಳು ಜಮ್ಮು ಸೀಮೆಯಲ್ಲಿದ್ದವು. ಅಲ್ಲಿಂದ ಬನಿಹಾಲ್ ಘಟ್ಟವನ್ನು ಹತ್ತಿ ಇಳಿದು, ಶ್ರೀನಗರ ದಾಟಿ ಬಾಲ್ತಾಲ್ ಸೇರಬೇಕಾದರೆ ಸುಮಾರು 400 ಕಿಲೋಮೀಟರ್ ಪಯಣ. ಜವಾಹರ್ ಸುರಂಗ ಬಂದದ್ದು 1956ರಲ್ಲಿ; ಆಗ ಬೆಟ್ಟದ ನೆತ್ತಿಯ ಮೇಲಿನಿಂದಲೇ ಹೋಗಬೇಕಿತ್ತು. ದಾರಿಯುದ್ದಕ್ಕೂ ಇದ್ದ ದುರ್ಬಲ ಸೇತುವೆಗಳನ್ನು ಒಂದೊಂದಾಗಿ ಬಲಪಡಿಸಲಾಯಿತು. ಟ್ಯಾಂಕುಗಳ ಮೇಲಿನ ಗೋಪುರಗಳನ್ನು, ಅಂದರೆ ತೋಪು ಹೊತ್ತು ತಿರುಗುವ ಭಾಗವನ್ನು ಬಿಚ್ಚಿ ತೆಗೆದು, ಉಳಿದ ಒಡಲಿಗೆ ಟಾರ್ಪಾಲು ಹೊದಿಸಲಾಯಿತು. ತೂಕವೂ ಇಳಿಯಿತು, ಗುರುತೂ ಮರೆಯಾಯಿತು. ಶ್ರೀನಗರದಲ್ಲಿ ಕರ್ಫ್ಯೂ ಹಾಕಿ ರಾತ್ರಿ ಹೊತ್ತು ಸಾಗಿಸಿದ್ದರಿಂದ ಊರಿನ ಜನಕ್ಕೂ ಸುಳಿವು ಸಿಗಲಿಲ್ಲ. ಬಾಲ್ತಾಲಿನಲ್ಲಿ ಗೋಪುರಗಳನ್ನು ಮತ್ತೆ ಕೂರಿಸಿ ಟ್ಯಾಂಕುಗಳನ್ನು ಸಜ್ಜುಗೊಳಿಸಲಾಯಿತು.

ಗಾಡಿ ಸಿದ್ಧವಾಯಿತು, ದಾರಿ ಬೇಕಲ್ಲ. ಬಾಲ್ತಾಲಿನಿಂದ ಜೋಜಿಲಾ ನೆತ್ತಿಯವರೆಗಿನ ಹೇಸರಗತ್ತೆಯ ಹಾದಿಯನ್ನು ಮೊದಲು ಜೀಪು ಓಡುವ ಮಟ್ಟಕ್ಕೆ, ಬಳಿಕ ಟ್ಯಾಂಕು ಏರುವ ಮಟ್ಟಕ್ಕೆ ಅಗಲಗೊಳಿಸಿದವರು ಮದ್ರಾಸ್ ಸ್ಯಾಪರ್ಸ್ ದಳದ ಎಂಜಿನಿಯರುಗಳು. ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವಿರುವ ದಳವೇ ಇದು. ಮೇಜರ್ ತಂಗರಾಜು ಅವರ ಮುಂದಾಳತನದಲ್ಲಿ ಬಂಡೆ ಸಿಡಿಸಿ, ಮಣ್ಣು ಸರಿಸಿ, ಶತ್ರುವಿನ ಗುಂಡಿನ ನಡುವೆಯೇ ಅವರು ಈ ಹಾದಿಯನ್ನು ಕಡಿದರು. ಜೋಜಿಲಾ ವಿಜಯದ ಕೀರ್ತಿ ಸಹಜವಾಗಿ ತಿಮ್ಮಯ್ಯನವರಿಗೂ ಕ್ಯಾವಲ್ರಿಯ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ 'ಸ್ಪ್ಯಾರೋ' ಅವರಿಗೂ ಸಂದಿದೆ. ಪಿಕಾಸಿ, ಸಿಡಿಮದ್ದು ಹಿಡಿದ ಈ ಸ್ಯಾಪರುಗಳ ಹೆಸರು ಬೆಂಗಳೂರಿನಲ್ಲೇ ಅಷ್ಟಾಗಿ ಕೇಳಿಬರುವುದಿಲ್ಲ.

ಹವಾಮಾನ ಕೆಟ್ಟು ಕಾರ್ಯಾಚರಣೆ ಮುಂದೆ ಹೋಯಿತು. ಕಡೆಗೆ ನವೆಂಬರ್ 1ರಂದು, ಹಿಮ ಬೀಳುತ್ತಿದ್ದ ದಿನವೇ, ಟ್ಯಾಂಕುಗಳು ಘಟ್ಟ ಏರಿದವು. ಮುಂಚೂಣಿಯ ಟ್ಯಾಂಕಿನಲ್ಲಿ ವಿಭಾಗದ ಅಧಿಪತಿ ಸ್ವತಃ ಕುಳಿತಿದ್ದರು. ಮೇಜರ್ ಜನರಲ್ ದರ್ಜೆಯ ಅಧಿಕಾರಿ ಹಾಗೆ ಮುಂದೆ ಹೋಗುವುದು ನಿಯಮಕ್ಕೆ ಹೊರತು. ವಿವೇಕಕ್ಕೂ ಹೊರತೇ ಎಂದು ಕೆಲವರು ವಾದಿಸಿಯಾರು. ಹಿಂದೆ ಬರುವ ಚಾಲಕರಿಗೆ ಆ ದೃಶ್ಯ ಕೊಟ್ಟ ಧೈರ್ಯವನ್ನು ನಿಯಮದ ಪುಸ್ತಕದಿಂದ ಅಳೆಯಲಾಗದು. ಬಂಡೆಗಳ ಮರೆಯಲ್ಲಿದ್ದವರ ಬಳಿ ಟ್ಯಾಂಕ್ ನಾಶಕ ಆಯುಧಗಳಿರಲಿಲ್ಲ, ಟ್ಯಾಂಕು ಬರಬಹುದೆಂಬ ಊಹೆಯೂ ಇರಲಿಲ್ಲ. ತಿಂಗಳುಗಟ್ಟಲೆ ಕಾಲಾಳುಗಳನ್ನು ತಡೆದಿದ್ದ ನೆಲೆಗಳು ಅಂದೇ ಕುಸಿದವು. ಪದಾತಿಗಳು ಗುಮ್ರಿ ಬಯಲಿಗೆ ಇಳಿದರು. ನವೆಂಬರ್ ಮಧ್ಯದಲ್ಲಿ ದ್ರಾಸ್, 23ರಂದು ಕಾರ್ಗಿಲ್ ಕೈಸೇರಿದವು. ಮರುದಿನವೇ ಲೇಹ್ ಕಡೆಯಿಂದ ಬಂದ ತುಕಡಿಯೊಂದಿಗೆ ಸಂಪರ್ಕ ಏರ್ಪಟ್ಟಿತು. ಲಡಾಖ್ ಭಾರತದಲ್ಲಿ ಉಳಿಯಿತು.

ಇದೇ 1948ರಲ್ಲಿ, ಕಾಶ್ಮೀರದ ಬೆಟ್ಟಗಳಿಂದ ಬಹು ದೂರದ ಲಂಡನ್ನಿನಲ್ಲಿ, ಹಳೆಯ ಮಿಲಿಟರಿ ಗಾಡಿಗಳ ಇನ್ನೊಂದು ಕಥೆ ಆರಂಭವಾಗಿತ್ತು. ಸೇನೆಗೆ ಜೀಪುಗಳ ತೀವ್ರ ಅಭಾವವಿತ್ತು. ಹೊಸವನ್ನು ಕೊಳ್ಳಲು ವಿದೇಶಿ ವಿನಿಮಯವೂ ಇರಲಿಲ್ಲ, ಕಾಯಲು ಸಮಯವೂ ಇರಲಿಲ್ಲ. ಬ್ರಿಟನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಅವರು ದುರಸ್ತಿ ಮಾಡಿದ ಹಳೆಯ ಜೀಪುಗಳನ್ನು ತರಿಸಲು ವಿದೇಶಿ ಸಂಸ್ಥೆಯೊಂದರೊಂದಿಗೆ ಒಪ್ಪಂದ ಮಾಡಿಕೊಂಡರು. ಎರಡು ಸಾವಿರ ಜೀಪುಗಳು, ಸುಮಾರು 80 ಲಕ್ಷ ರೂಪಾಯಿ ಮೊತ್ತ. ಗಾಡಿಗಳನ್ನು ಸರಿಯಾಗಿ ಪರೀಕ್ಷಿಸುವ ಮೊದಲೇ ಹಣದ ಬಹುಪಾಲು ಸಂದಾಯವಾಯಿತು. ಭಾರತ ತಲುಪಿದ್ದು 155 ಜೀಪುಗಳು. ಅವುಗಳಲ್ಲಿ ಸೇನೆಯ ಬಳಕೆಗೆ ಯೋಗ್ಯವಾದದ್ದು ಒಂದೂ ಇರಲಿಲ್ಲ. ಹಳೆಯ ಜೀಪು ಕೊಳ್ಳಲು ಹೋಗಿ ಬಣ್ಣ ಬಳಿದ ತಗಡಿಗೆ ಮರುಳಾದವರು ಮಲೆನಾಡಿನಲ್ಲೂ ಉಂಟು. ಆದರೆ ಅವರು ಕಳೆದುಕೊಳ್ಳುವುದು ಸ್ವಂತ ಹಣ, ಆ ಹಣಕ್ಕಾಗಿ ರಣರಂಗದಲ್ಲಿ ಯಾರೂ ಕಾದು ಕುಳಿತಿರುವುದಿಲ್ಲ.

ಸ್ವತಂತ್ರ ಭಾರತದ ಮೊದಲ ದೊಡ್ಡ ರಕ್ಷಣಾ ಹಗರಣವೆಂದು ಜೀಪು ಪ್ರಕರಣ ಹೆಸರಾಯಿತು. ಸಂಸತ್ತಿನ ಸಮಿತಿಗಳು ಟೀಕಿಸಿದವು, ವಿರೋಧ ಪಕ್ಷಗಳು ಕೂಗೆಬ್ಬಿಸಿದವು. ಮೆನನ್ ಅವರು ಸ್ವಂತಕ್ಕೆ ಹಣ ಮಾಡಿಕೊಂಡರೆಂಬುದು ಎಂದೂ ಸಾಬೀತಾಗಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಆತುರ, ಉಡಾಫೆ, ಯಾರನ್ನೂ ಕೇಳದ ಸ್ವಭಾವ ಅವರ ಮೇಲಿದ್ದ ಮುಖ್ಯ ಆಕ್ಷೇಪಗಳು. 1955ರಲ್ಲಿ ಸರ್ಕಾರ ಪ್ರಕರಣವನ್ನು ಮುಕ್ತಾಯಗೊಳಿಸಿತು, 1956ರಲ್ಲಿ ಮೆನನ್ ಕೇಂದ್ರ ಸಂಪುಟಕ್ಕೆ ಬಂದರು, 1957ರ ಏಪ್ರಿಲಿನಲ್ಲಿ ರಕ್ಷಣಾ ಸಚಿವರಾದರು. ಮರುತಿಂಗಳು, ಮೇ 7ರಂದು, ಭೂಸೇನಾ ಮುಖ್ಯಸ್ಥರಾಗಿ ಅಧಿಕಾರ ವಹಿಸಿಕೊಂಡವರು ಜನರಲ್ ತಿಮ್ಮಯ್ಯ. ಕೆಲಸಕ್ಕೆ ಬಾರದ ಹಳೆಯ ಜೀಪುಗಳ ಕಳಂಕ ಹೊತ್ತ ಸಚಿವ ಒಂದು ಕಡೆ, ಹಳೆಯ ಟ್ಯಾಂಕುಗಳಿಂದ ಅಸಾಧ್ಯವನ್ನು ಸಾಧಿಸಿದ ಸೇನಾನಿ ಇನ್ನೊಂದು ಕಡೆ. ಕಥೆಗಾರ ಕಟ್ಟಿದ್ದರೆ ಓದುಗರು ಅತಿಯಾಯಿತು ಎನ್ನುತ್ತಿದ್ದರು.

ಈ ನಡುವೆ ಕೊರಿಯಾದ ಒಂದು ಅಧ್ಯಾಯವಿದೆ. 1953ರಲ್ಲಿ ಕದನವಿರಾಮವಾದಾಗ ತಾಯ್ನಾಡಿಗೆ ಮರಳಲು ಒಲ್ಲದ ಸುಮಾರು 23 ಸಾವಿರ ಯುದ್ಧಕೈದಿಗಳ ಭವಿಷ್ಯ ನಿರ್ಧರಿಸಲು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷತೆ ತಿಮ್ಮಯ್ಯನವರಿಗೆ ಬಂತು. ಭಾರತೀಯ ಸೈನಿಕರು ತಮ್ಮ ನೆಲ ತುಳಿಯಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದದ್ದರಿಂದ, ಹಡಗುಗಳಿಂದ ಇಡೀ ಭಾರತೀಯ ಪಡೆಯನ್ನು ಹೆಲಿಕಾಪ್ಟರುಗಳಲ್ಲಿ ಎತ್ತಿ ಸೇನಾಮುಕ್ತ ವಲಯದಲ್ಲಿ ಇಳಿಸಬೇಕಾಯಿತು. ಎರಡೂ ಬಣಗಳ ಬೈಗುಳ ತಿಂದು, ಎರಡೂ ಬಣಗಳ ಗೌರವ ಗಳಿಸಿ ಅವರು ಹಿಂದಿರುಗಿದರು. 1954ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು.

ಸೇನಾ ಮುಖ್ಯಸ್ಥರಾದ ಮೇಲೆ ಅವರನ್ನು ಕಾಡಿದ್ದು ಉತ್ತರದ ಗಡಿ. ಅಕ್ಸಾಯ್ ಚಿನ್ ಮೂಲಕ ಚೀನಾ ರಸ್ತೆ ಮಾಡಿಕೊಂಡಿತ್ತು. ಭಾರತದ ಕಡೆಯಲ್ಲಿ ಗಡಿಯವರೆಗೆ ಜೀಪು ಹೋಗುವ ದಾರಿಗಳೇ ವಿರಳ. ಮುಂಚೂಣಿಯ ಠಾಣೆಗಳಿಗೆ ದಿನಸಿ, ಮದ್ದುಗುಂಡು ಹೇಸರಗತ್ತೆಗಳ ಬೆನ್ನ ಮೇಲೆ, ಕೂಲಿಗಳ ಹೆಗಲ ಮೇಲೆ, ಅದೂ ಆಗದಲ್ಲಿ ವಿಮಾನದಿಂದ ಉದುರಿಸಿ ತಲುಪಬೇಕಿತ್ತು. ವಾಹನಗಳಲ್ಲಿ ಬಹುಪಾಲು ಮಹಾಯುದ್ಧದ ಉಳಿಕೆ. ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಬಿಡಿಭಾಗ ಹೊಂದಿಸುವ ಸ್ಥಿತಿ. ಹಳೆಯ ಜೀಪು ಸಾಕಿದ ಯಾವ ತೋಟದ ಮಾಲೀಕನಿಗೂ ಇದು ಪರಿಚಿತ ಪಾಡು: ಗಾಡಿ ನಿಂತಿರುವುದು ದೋಷದಿಂದಲ್ಲ, ಸಾಮಾನು ಸಿಗದೆ.

ನ್ಯಾಯವಾಗಿ ಹೇಳುವುದಾದರೆ, ಈ ಕೊರತೆಯನ್ನು ಕೃಷ್ಣ ಮೆನನ್ ಕಾಣದೆ ಇರಲಿಲ್ಲ. ವಿದೇಶದಿಂದ ಕೊಳ್ಳುವ ಬದಲು ದೇಶದಲ್ಲೇ ತಯಾರಿಸಬೇಕೆಂಬ ಹಂಬಲ ಅವರಿಗಿತ್ತು. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್‌ಪುರದ ರಕ್ಷಣಾ ಕಾರ್ಖಾನೆಯಿಂದ ಶಕ್ತಿಮಾನ್ ಲಾರಿಗಳು 1959ರಿಂದ ಹೊರಬರತೊಡಗಿದವು. ಜಪಾನಿನ ನಿಸ್ಸಾನ್ ಕಂಪನಿಯ ಸಹಯೋಗದ ಗಾಡಿಗಳು ಹಿಂಬಾಲಿಸಿದವು. ಮಲೆನಾಡಿನ ಮಿಲಿಟರಿ ಗಾಡಿ ಪ್ರಿಯರು ಇಂದಿಗೂ ಹುಡುಕುವ ಜೋಂಗಾ ಅದೇ ಬಳ್ಳಿಯ ಕಾಯಿ. ನಾಲ್ಕು ಲೀಟರಿಗೆ ತುಸು ಕಡಿಮೆ ಗಾತ್ರದ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನ ಆ ಗಾಡಿಯ ಹೆಸರು ಜಬಲ್‌ಪುರದ ಕಾರ್ಖಾನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಮೂಡಿದ್ದು. ಅದು ಸೇನೆಗೆ ಬರುವ ಹೊತ್ತಿಗೆ ತಿಮ್ಮಯ್ಯನವರು ಈ ಲೋಕದಲ್ಲಿರಲಿಲ್ಲ.

ಸಚಿವ ಮತ್ತು ಸೇನಾ ಮುಖ್ಯಸ್ಥರ ನಡುವಣ ಬಿರುಕು ಬೆಳೆಯುತ್ತಲೇ ಹೋಯಿತು. ಹಿರಿಯ ಅಧಿಕಾರಿಗಳ ಬಡ್ತಿ, ನೇಮಕಗಳಲ್ಲಿ ಸಚಿವರ ಹಸ್ತಕ್ಷೇಪ ಅದರ ತಕ್ಷಣದ ಕಾರಣ. ಗಡಿಯ ಸಿದ್ಧತೆಯ ಕುರಿತ ಭಿನ್ನಾಭಿಪ್ರಾಯ ಆಳದ ಕಾರಣ. 1959ರ ಆಗಸ್ಟ್ 25ರಂದು ಈಶಾನ್ಯ ಗಡಿಯ ಲೋಂಗ್ಜು ಠಾಣೆಯ ಮೇಲೆ ಚೀನೀ ಪಡೆ ಗುಂಡು ಹಾರಿಸಿತು. ಆರು ದಿನಗಳ ಬಳಿಕ, ಆಗಸ್ಟ್ 31ರಂದು, ತಿಮ್ಮಯ್ಯನವರು ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ನೆಹರೂ ಅವರು ಕರೆದು ಮನವೊಲಿಸಿದರು; ಪರಿಹಾರದ ಭರವಸೆಯ ಮೇಲೆ ರಾಜೀನಾಮೆ ಹಿಂದಕ್ಕೆ ಬಂತು. ಸುದ್ದಿ ಪತ್ರಿಕೆಗಳಿಗೆ ಸೋರಿತು. ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ನೆಹರೂ ಅವರು ನಾಗರಿಕ ಸರ್ಕಾರದ ಪರಮಾಧಿಕಾರವನ್ನು ಎತ್ತಿಹಿಡಿದು, ಜನರಲ್ಲರ ನಡೆಯನ್ನು ಲಘುವಾಗಿಸಿ ಮಾತನಾಡಿದರು. ರಾಜೀನಾಮೆಯನ್ನು ಹಿಂತೆಗೆದುಕೊಳ್ಳದೆ ಇದ್ದಿದ್ದರೆ ದೇಶ ಎಚ್ಚೆತ್ತುಕೊಳ್ಳುತ್ತಿತ್ತೇ ಎಂಬ ಪ್ರಶ್ನೆ ಅವರ ಜೀವನ ಬರೆದವರನ್ನೆಲ್ಲ ಕಾಡಿದೆ. ಹಿಂತೆಗೆದುಕೊಂಡದ್ದು ಅವರ ಸೇನಾ ಬದುಕಿನ ದೊಡ್ಡ ತಪ್ಪು ಎಂದೇ ತೋರುತ್ತದೆ. ಜೋಜಿಲಾದಲ್ಲಿ ಮುಂದಿನ ಟ್ಯಾಂಕಿನಲ್ಲಿ ಕುಳಿತ ವ್ಯಕ್ತಿ ದೆಹಲಿಯ ಕಚೇರಿಯಲ್ಲಿ ಹಿಂದಿನ ಸಾಲಿಗೆ ಸರಿಯಬೇಕಾಯಿತು.

ಆದರೂ ಒಂದು ಕೆಲಸ ಅವರ ಅವಧಿಯಲ್ಲಿ ಆಯಿತು. 1960ರ ಮೇ 7ರಂದು ಗಡಿ ರಸ್ತೆಗಳ ಸಂಸ್ಥೆ ಸ್ಥಾಪನೆಯಾಗಿ, ಕಾಶ್ಮೀರದಲ್ಲಿ ಬೀಕನ್, ಈಶಾನ್ಯದಲ್ಲಿ ಟಸ್ಕರ್ ಯೋಜನೆಗಳು ಆರಂಭಗೊಂಡವು. ಮದ್ರಾಸ್ ಸ್ಯಾಪರುಗಳು ಪಿಕಾಸಿ ಹಿಡಿದು ಕಡಿದ ಜೋಜಿಲಾದ ಹಾದಿ ಕ್ರಮೇಣ ಲಾರಿಗಳ ರಸ್ತೆಯಾಯಿತು. ಸರಿಯಾಗಿ ಒಂದು ವರ್ಷದ ಬಳಿಕ, 1961ರ ಮೇ 7ರಂದು, ತಿಮ್ಮಯ್ಯನವರು ನಿವೃತ್ತರಾದರು.

ಮುಂದಿನ ವರ್ಷ ಚೀನಾ ದಾಳಿ ಮಾಡಿತು. ಚೀನಾವನ್ನು ಭಾರತ ಒಂಟಿಯಾಗಿ ಎದುರಿಸಲಾರದು ಎಂಬ ಅಭಿಪ್ರಾಯವನ್ನು ತಿಮ್ಮಯ್ಯನವರು ಅದಕ್ಕೆ ಕೆಲವೇ ತಿಂಗಳ ಹಿಂದೆ ನಿಯತಕಾಲಿಕವೊಂದರಲ್ಲಿ ಬಹಿರಂಗವಾಗಿ ಬರೆದಿದ್ದರು. 1962ರ ಅಕ್ಟೋಬರಿನಲ್ಲಿ ಲಡಾಖಿನ ಚುಶೂಲ್ ರಕ್ಷಣೆಗೆಂದು ವಾಯುಪಡೆಯ ದೊಡ್ಡ ವಿಮಾನಗಳಲ್ಲಿ ಆರು ಹಗುರ ಟ್ಯಾಂಕುಗಳನ್ನು ಒಯ್ದು ಇಳಿಸಲಾಯಿತು. ಹದಿನಾಲ್ಕು ವರ್ಷಗಳ ಹಿಂದೆ ಜೋಜಿಲಾದಲ್ಲಿ ಹೊಳೆದ ಉಪಾಯದ ಮುಂದುವರಿಕೆಯೇ ಅದು. ಮೆನನ್ ಅವರು ನವೆಂಬರಿನಲ್ಲಿ ಸಂಪುಟದಿಂದ ನಿರ್ಗಮಿಸಿದರು.

1964ರಲ್ಲಿ ವಿಶ್ವಸಂಸ್ಥೆ ತಿಮ್ಮಯ್ಯನವರನ್ನು ಸೈಪ್ರಸ್ ಶಾಂತಿಪಾಲನಾ ಪಡೆಯ ಮುಖ್ಯಸ್ಥರನ್ನಾಗಿ ನೇಮಿಸಿತು. ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವೆ ನಿಂತು ಮಾತಿನಿಂದಲೇ ಬಂದೂಕು ಇಳಿಸಬೇಕಾದ ಹೊಣೆ. ಆ ದ್ವೀಪದಲ್ಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ನಿಧನರಾದರು. ವಯಸ್ಸು ಅರವತ್ತು ತುಂಬಿರಲಿಲ್ಲ. ಪಾರ್ಥಿವ ಶರೀರವನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದು ಸೇನಾ ಗೌರವಗಳೊಂದಿಗೆ ಮಣ್ಣು ಮಾಡಲಾಯಿತು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.

ಮಡಿಕೇರಿಯಲ್ಲಿ ಅವರು ಬಾಲ್ಯ ಕಳೆದ ಮನೆಯ ಹೆಸರು ಸನ್ನಿಸೈಡ್. ಕಾಲಾಂತರದಲ್ಲಿ ಅದು ಸರ್ಕಾರದ ವಶಕ್ಕೆ ಬಂದು, ಹಲವಾರು ವರ್ಷ ಅಲ್ಲಿ ನಡೆದದ್ದು ಪ್ರಾದೇಶಿಕ ಸಾರಿಗೆ ಕಚೇರಿ. ಕೊಡಗಿನ ಜೀಪುಗಳ ನೋಂದಣಿ, ವರ್ಗಾವಣೆ, ತೆರಿಗೆಯ ಕಾಗದಗಳಿಗೆ ಮೊಹರು ಬೀಳುತ್ತಿದ್ದದ್ದು ಜೋಜಿಲಾ ಏರಿದ ಸೇನಾನಿಯ ಮನೆಯ ಕೋಣೆಗಳಲ್ಲಿ. ಅಲ್ಲಿ ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಮಂದಿಗೆ ಅದು ಯಾರ ಮನೆಯೆಂದು ತಿಳಿದಿತ್ತೋ. ನಿವೃತ್ತ ಸೈನಿಕರು ಹಾಗೂ ಅಭಿಮಾನಿಗಳ ದೀರ್ಘ ಒತ್ತಾಯದ ಫಲವಾಗಿ ಕಚೇರಿ ಬೇರೆಡೆಗೆ ಹೋಯಿತು, ಮನೆ ದುರಸ್ತಿಯಾಯಿತು. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಅದನ್ನು ಜನರಲ್ ತಿಮ್ಮಯ್ಯ ಸ್ಮಾರಕ ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ವಾಹನಗಳ ಕಾಗದ ಹಿಡಿದು ಜನ ಕಾಯುತ್ತಿದ್ದ ಆ ಆವರಣದಲ್ಲಿ ಈಗ ಸೇವೆಯಿಂದ ನಿವೃತ್ತವಾದ ಯುದ್ಧ ಟ್ಯಾಂಕೊಂದು ನಿಂತಿದೆ. ರಜೆಯ ದಿನಗಳಲ್ಲಿ ಶಾಲಾ ಮಕ್ಕಳು ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.